ನೀಹಾರಿಕೆಗೆ ಸೊಸೈಟಿಯ ಅನುಮತಿ

ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಮನೆಗೆ ದೂರದರ್ಶಕ ಬಂದಾಗ ನನಗೆ ಐವತ್ತೆರಡು ವರ್ಷ. ಆ ವಯಸ್ಸಿನ ಗಂಡಸರಿಗೆ ಏನಾದರೊಂದು ಹುಚ್ಚು ಹಿಡಿಯುತ್ತದೆ. ಕೆಲವರು ಮ್ಯಾರಥಾನ್ ಓಡುತ್ತಾರೆ, ಕೆಲವರು ಕೂದಲಿಗೆ ಬಣ್ಣ ಹಚ್ಚುತ್ತಾರೆ. ನಾನು ಮಹಾವ್ಯಾಧ ನಕ್ಷತ್ರಪುಂಜದ ನೀಹಾರಿಕೆ ನೋಡಲು ಹೊರಟೆ. ಸಾಲಾಗಿ ಮೂರು ನಕ್ಷತ್ರಗಳ ಸೊಂಟಪಟ್ಟಿ, ಅದರ ಕೆಳಗೊಂದು ಕತ್ತಿ, ಕತ್ತಿಯ ನಡುವೆ ಮಸುಕಾದ ಮೋಡ. ಹೊಸ ನಕ್ಷತ್ರಗಳು ಅಲ್ಲಿ ಹುಟ್ಟುತ್ತವೆ.

ಸೀವುಡ್ಸ್‌ನ ಆಫೀಸಿನಿಂದ ಬರುವಾಗ, ಠಾಣೆ ಸ್ಟೇಷನ್ನಿನಲ್ಲಿ ಲೋಕಲ್ ರೈಲು ಬದಲಿಸಿ ಯಾರದೋ ಕಂಕುಳಡಿ ನಿಂತು, ಮೊಬೈಲಿನಲ್ಲಿ ಯೋಜನೆ ಹಾಕಿದೆ. ಚಂದ್ರ ಇರಬಾರದು. ಮಹಾವ್ಯಾಧ ಎದುರಿನ ಟವರ್‌ಗಿಂತ ಮೇಲಿರಬೇಕು. ನನಗೆ ಮಾರನೆಯ ದಿನ ರಜೆ ಇರಬೇಕು. ಇಷ್ಟೂ ಕೂಡಿಬಂದದ್ದು ಜನವರಿಯ ಅಮಾವಾಸ್ಯೆ, ಶನಿವಾರ, ರಾತ್ರಿ ಎಂಟೂವರೆಗೆ.

"ನಮ್ಮ ಮದುವೆಗೆ ಸಹ ಇಷ್ಟು ಮುಹೂರ್ತ ನೋಡಿರಲಿಲ್ಲ ನೀವು" ಎಂದಳು ಹೆಂಡತಿ.

"ಪಪ್ಪಾ, ಯೂಟ್ಯೂಬ್ ಪೆ ದೇಖ್ ಲೋ ನಾ" ಎಂದಳು ಮಗಳು, ತಲೆ ಎತ್ತದೆ.

ಟೆರೇಸಿನ ಕೀಲಿ ನಮ್ಮ ಹೌಸಿಂಗ್ ಸೊಸೈಟಿಯ ಸೆಕ್ರೆಟರಿಯ ವಶದಲ್ಲಿತ್ತು. ಅವರು ಧಾರವಾಡದ ಕಡೆಯವರು. ಕೀಲಿಗೆ ಅರ್ಜಿ, ಅರ್ಜಿಗೆ ಕಾರಣ ಬೇಕಿತ್ತು. 'ನೀಹಾರಿಕೆ ವೀಕ್ಷಣೆ' ಎಂದು ಬರೆದುಕೊಟ್ಟೆ. ಅವರು ಅದನ್ನು ಎರಡು ಸಲ ಓದಿ, ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು.

"ಯಾರ್ರೀ ಈ ನಿಹಾರಿಕಾ? ಯಾವ ವಿಂಗ್‌ನಾಗ ಇರ್ತಾಳ?"

ಆಕೆ ಯಾವ ವಿಂಗಿನವಳೂ ಅಲ್ಲ, ಆಕಾಶದಲ್ಲಿ ಇರುವ ವಸ್ತು ಎಂದು ವಿವರಿಸಲು ಅರ್ಧ ಗಂಟೆ ಹಿಡಿಯಿತು. ಅವರು ಪೂರ್ತಿ ನಂಬಲಿಲ್ಲ. ವಿಷಯ ಕಮಿಟಿಗೆ ಹೋಯಿತು. ಲಿಫ್ಟ್ ಕೆಟ್ಟು ಮೂರು ವಾರವಾದರೂ ಸೇರದಿದ್ದ ಕಮಿಟಿ ನನ್ನ ನೀಹಾರಿಕೆಗಾಗಿ ಎರಡು ಸಲ ಸೇರಿತು. ಕೊನೆಗೆ ಸೆಕ್ರೆಟರಿಯೇ ಮನೆಗೆ ಬಂದು ತೀರ್ಪು ತಿಳಿಸಿದರು.

"ಪರ್ಮಿಶನ್ ಸಿಕ್ಕದ ಸರ. ಆದ್ರ ಅಮಾಸಿ ದಿನ ಟೆರೇಸ್ ಬ್ಯಾಡಂತ ಎಲ್ಲಾರೂ ಅಂದ್ರು. ಹದಿನೈದು ದಿನ ಬಿಟ್ಟು, ಹುಣ್ಣಿವಿಗೆ ಇಟ್ಟೇವಿ. ಬೆಳಕೂ ಚೊಲೋ ಇರ್ತದ."

ಬೆಳಕು ಚೆನ್ನಾಗಿದ್ದರೆ ನೀಹಾರಿಕೆ ಕಾಣುವುದಿಲ್ಲ ಎಂದು ನಾನು ಹೇಳಬೇಕಿತ್ತು. "ಥ್ಯಾಂಕ್ಸ್" ಎಂದೆ. ಮೂವತ್ತು ವರ್ಷ ನೌಕರಿ ಮಾಡಿದವನ ಬೆನ್ನುಮೂಳೆ ಬೇಕಾದ ಕಡೆಗೆಲ್ಲ ಬಾಗುತ್ತದೆ.

ಹುಣ್ಣಿಮೆಯ ಸಂಜೆ ಟೆರೇಸಿನ ಮೇಲೆ ಅರವತ್ತು ಜನ ಸೇರಿದ್ದರು. ಪ್ಲಾಸ್ಟಿಕ್ ಕುರ್ಚಿ, ಬಟಾಟೆವಡೆ, ಮೈಕು, ಜೊತೆಗೆ ಹಿರಿಯರು ಎಡವಬಾರದೆಂದು ಎರಡು ಹ್ಯಾಲೊಜನ್ ದೀಪ. ಆಕಾಶದಲ್ಲಿ ಉಳಿದಿದ್ದವನು ಚಂದ್ರನೊಬ್ಬನೇ. ದೂರದರ್ಶಕವನ್ನು ಅವನ ಕಡೆಗೆ ತಿರುಗಿಸಿದೆ. ಜನ ಸಾಲು ನಿಂತು ಕಣ್ಣಿಟ್ಟು "ವಾವ್" ಎಂದರು. ಸೆಕ್ರೆಟರಿ ಎರಡು ನಿಮಿಷ ನೋಡಿ, ನನಗೆ ಶಾಲು ಹೊದಿಸಿ, ಕಿವಿಯ ಹತ್ತಿರ ಬಗ್ಗಿದರು.

"ನಿಹಾರಿಕಾ ಭಾಳ ಚಂದ ಅದಾಳ್ರೀ."

ಚಪ್ಪಾಳೆ ಬಿತ್ತು. ನಾನು ಶಾಲು ಸರಿಮಾಡಿಕೊಂಡು ಕೈಮುಗಿದೆ. ಮನೆಗೆ ಬಂದ ಮೇಲೆ ಹೆಂಡತಿ ಕೇಳಿದಳು, "ಅದು ಚಂದ್ರ ಅಲ್ವಾ?" ನಾನು ಹೌದೆಂದೆ. "ಮತ್ತೆ ನೀವು ಯಾಕೆ ಬಾಯಿ ಬಿಡ್ಲಿಲ್ಲ?" ನಾನು ಶಾಲು ಮಡಿಸತೊಡಗಿದೆ. ಎರಡು ವಾರ ದೂರದರ್ಶಕ ಕಪಾಟಿನ ಮೇಲೆಯೇ ಇತ್ತು.

ಫೆಬ್ರವರಿಯ ಕೊನೆಗೆ, ಮತ್ತೊಂದು ಅಮಾವಾಸ್ಯೆಯ ಸಂಜೆ, ನಾನು ಆಫೀಸಿನಿಂದ ಬಂದು ಕಾಲು ತೊಳೆಯುತ್ತಿದ್ದೆ. ಹೆಂಡತಿ ದೂರದರ್ಶಕವನ್ನು ಹಳೆಯ ಸೀರೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟಳು. "ಬನ್ನಿ" ಎಂದು ನೇರ ಕೆಳಗಿಳಿದು ವಾಚ್‌ಮನ್‌ ಮುಂದೆ ನಿಂತಳು.

"ಭಯ್ಯಾ, ಊಪರ್ ಪಾಪಡ್ ಹೈ, ಚಾವಿ ದೋ."

ಅವನು ಗೋಡೆಯ ಮೊಳೆಯಿಂದ ಇನ್ನೊಂದು ಕೀಲಿ ತೆಗೆದುಕೊಟ್ಟ. ಅರ್ಜಿ ಇಲ್ಲ, ಕಮಿಟಿ ಇಲ್ಲ. ಹಪ್ಪಳಕ್ಕೆ ಅಮಾವಾಸ್ಯೆಯ ದೋಷವೂ ಇಲ್ಲ.

ಟೆರೇಸಿನಲ್ಲಿ ನಾವಿಬ್ಬರೇ. ಮುಂಬ್ರಾ ಕಡೆಯ ಆಕಾಶ ಊರಿನ ದೀಪಗಳಿಂದ ಕಿತ್ತಳೆ ಬಣ್ಣವಾಗಿತ್ತು. ನೆತ್ತಿಯ ಸುತ್ತ ಸ್ವಲ್ಪ ಕಪ್ಪು ಉಳಿದಿತ್ತು. ಸೊಂಟಪಟ್ಟಿ ಹುಡುಕಿ, ಕತ್ತಿಗೆ ಇಳಿದು, ಸರಿಹೊಂದಿಸಿದೆ. ಇತ್ತು. ಬೂದು ಬಣ್ಣದ ಸಣ್ಣ ಮಬ್ಬು. ಅವಳಿಗೆ ಜಾಗ ಬಿಟ್ಟೆ.

"ಕನ್ನಡಕದ ಮೇಲೆ ಉಸಿರು ಬಿಟ್ಟ ಹಾಗೆ ಉಂಟು" ಎಂದಳು.

ದೂರದರ್ಶಕದಿಂದ ಕಣ್ಣು ಮಾತ್ರ ತೆಗೆಯಲಿಲ್ಲ. ಐದು ನಿಮಿಷವಾಯಿತು, ಹತ್ತಾಯಿತು. ನನಗೆ ಹಸಿವು. ಅದು ಎಷ್ಟು ದೂರದಲ್ಲಿದೆ, ಏನೇನು ಅನಿಲಗಳಿವೆ ಎಂದು ಶುರುಮಾಡಿದೆ.

"ನೀವು ಸ್ವಲ್ಪ ಸುಮ್ನೆ ಕೂತ್ಕೊಳ್ಳಿ" ಎಂದಳು. ನೀರಿನ ಟ್ಯಾಂಕಿನ ಕಟ್ಟೆಯ ಮೇಲೆ ಕೂತೆ.