ಬಾಯಲ್ಲಿ ನೂಲಿರುವ ಹುಳ

ಬೆಳಿಗ್ಗೆ ನನ್ನ ಪ್ರಯೋಗಾಲಯದ ಮೇಜಿನ ಮೇಲೆ ರಟ್ಟಿನ ಡಬ್ಬಿಯೊಂದು ಕೂತಿತ್ತು. ಮುಚ್ಚಳಕ್ಕೆ ದಬ್ಬಳದಿಂದ ತೂತು ಚುಚ್ಚಿ, ಹಳೇ ಸೀರೆಯ ಅಂಚಿನಿಂದ ಬಿಗಿದಿತ್ತು. ಬಿಚ್ಚುವ ಮೊದಲೇ ಹಿಪ್ಪುನೇರಳೆ ಸೊಪ್ಪಿನ ವಾಸನೆ ಮೂಗಿಗೆ ಬಡಿಯಿತು. ದೊಡ್ಡಮ್ಮನ ಡಬ್ಬಿ. ಇನ್ನೆಂದೂ ಬರುವುದಿಲ್ಲವೆಂದು ನಾನು ಆಸೆ ಬಿಟ್ಟಿದ್ದ ಡಬ್ಬಿ.

ದೊಡ್ಡಮ್ಮ ಎಂದರೆ ನನ್ನ ತಾಯಿಯ ಅಕ್ಕ. ದಿಬ್ಬೂರಹಳ್ಳಿಯಲ್ಲಿ ರೇಷ್ಮೆ ಹುಳ ಸಾಕುತ್ತಾಳೆ. ಅವಳ ಹುಳದ ಮನೆಗೆ ಹೋಗುವವರು ಚಪ್ಪಲಿ ಬಿಡಬೇಕು, ಕೈಕಾಲು ತೊಳೆಯಬೇಕು, ಮಲ್ಲಿಗೆ ಮುಡಿದಿದ್ದರೆ ಅದನ್ನೂ ತೆಗೆದಿಡಬೇಕು. ದೇವರ ಮನೆಗೂ ಇಷ್ಟು ಮಡಿಯಿಲ್ಲವೆಂದು ರಜೆಗೆ ಹೋದಾಗಲೆಲ್ಲ ನಾನು ಗೊಣಗುತ್ತಿದ್ದೆ. ಹುಳಗಳು ಸೊಪ್ಪು ಮೇಯುವ ಸದ್ದು ಕೇಳಿ, ಮಳೆ ಬಂತೆಂದು ಬಟ್ಟೆ ತೆಗೆಯಲು ಓಡಿದ ಜಾಣೆಯೂ ನಾನೇ.

ಅಂಥವಳು ಓದಿ ದೊಡ್ಡವಳಾಗಿ ರೇಷ್ಮೆಯ ಬೆನ್ನು ಹತ್ತಿದೆ ನೋಡಿ. ಹಣ್ಣಾದ ಹುಳ, ಅಂದರೆ ಮೇವು ಬಿಟ್ಟು ಗೂಡು ಕಟ್ಟಲು ತಲೆಯೆತ್ತಿದ ಹುಳ, ಹೊಟ್ಟೆಯಲ್ಲಿ ನೂಲಿನ ಉಂಡೆ ಇಟ್ಟುಕೊಂಡಿರುವುದಿಲ್ಲ. ಅಲ್ಲಿರುವುದು ಗಂಜಿಯಂಥ ದ್ರವ, ನೀರಿನಲ್ಲಿ ಕರಗಿದ ಪ್ರೋಟೀನು. ಕರಗಿದ್ದಾಗ ಅದರ ಆಕಾರ ಹೇಗಿರುತ್ತದೆ ಎಂಬುದು ನನಗೆ ಹಿಡಿದ ಹುಚ್ಚು. ಅದನ್ನು ನೋಡಲು ಸಿಂಕ್ರೊಟ್ರಾನ್ ಬೇಕು. ಕೆರೆಯಷ್ಟು ದೊಡ್ಡ ಬಳೆಯೊಳಗೆ ಎಲೆಕ್ಟ್ರಾನುಗಳನ್ನು ಓಡಿಸಿ, ತಿರುವಿನಲ್ಲಿ ಅವು ಚೆಲ್ಲುವ ಎಕ್ಸ್‌ರೇಯನ್ನು ಹಿಡಿಯುವ ಯಂತ್ರ ಅದು. ಆ ಕಿರಣವನ್ನು ದ್ರಾವಣದ ಮೂಲಕ ಹಾಯಿಸಿದರೆ ಚದುರುತ್ತದೆ. ಚದುರಿದ್ದನ್ನು ಅಳೆದರೆ ಪರದೆಯ ಮೇಲೊಂದು ಗೆರೆ ಮೂಡುತ್ತದೆ. ಗೆರೆ ಬಾಗಿದ ಬಗೆಯಿಂದ ಪ್ರೋಟೀನಿನ ಗಾತ್ರ, ಆಕಾರ ತಿಳಿಯಬಹುದು.

ಇದನ್ನೆಲ್ಲ ದೊಡ್ಡಮ್ಮನಿಗೆ ಘನವಾಗಿ ವಿವರಿಸಿದೆ. ಅವಳು ಸೊಪ್ಪು ಹೆಚ್ಚುತ್ತಲೇ, “ಎಕ್ಸ್‌ರೇ ತೆಗೆಸೋಕೆ ಅಷ್ಟ್ ದೂರ ಯಾಕಮ್ಮ, ಚಿಕ್ಕಬಳ್ಳಾಪುರದಲ್ಲೇ ತೆಗೀತಾರಲ್ಲ” ಅಂದಳು. ಆದರೂ ಒಳ್ಳೊಳ್ಳೆಯ ಹಣ್ಣು ಹುಳಗಳನ್ನು ಆರಿಸಿ, ಡಬ್ಬಿಗೆ ಕುಂಕುಮವಿಟ್ಟು ಕೊಟ್ಟಳು.

ಆ ಹುಳಗಳನ್ನು ಕೊಯ್ದು, ದ್ರವ ತೆಗೆದು, ಐಸಿನಲ್ಲಿಟ್ಟು, ಬಹಳ ಕಾಲ ಕಾದ ಮೇಲೆ ದೂರದ ಸಿಂಕ್ರೊಟ್ರಾನಿನಲ್ಲಿ ಸಿಕ್ಕ ಪಾಳಿಗೆ ಹೊತ್ತುಕೊಂಡು ಹೋದೆ. ಮೊದಲ ಗೆರೆ ಚೆನ್ನಾಗಿಯೇ ಬಂತು. ಅದೇ ದ್ರಾವಣದ ಎರಡನೆಯ ಗೆರೆ, ಕೂರಬೇಕಾದಂತೆ, ಅದರ ಮೇಲೆ ಕೂರಲಿಲ್ಲ. ಮೂರನೆಯದರ ಎಡತುದಿ ಮೇಲಕ್ಕೆ ಎದ್ದು ನಿಂತಿತು. ಕರಗಿದ್ದ ಪ್ರೋಟೀನು ಕಣ್ಣೆದುರೇ ಮುದ್ದೆಗಟ್ಟುತ್ತಿತ್ತು. ಅದನ್ನು ಹಾಗೆ ಮಾಡುತ್ತಿದ್ದದ್ದು ನಾವು ಹಾಯಿಸುತ್ತಿದ್ದ ಕಿರಣವೇ. ನೋಡುವ ಕೆಲಸವೇ ನೋಡಬೇಕಾದ್ದನ್ನು ಕೆಡಿಸುತ್ತದೆಂದು ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಆದರೂ ಕಣ್ಣಾರೆ ಕಂಡದ್ದು ಅದೇ ಮೊದಲು. ಅಷ್ಟೂ ಹುಳ ವ್ಯರ್ಥವಾಗಿದ್ದವು.

ಮತ್ತೆ ಹುಳ ಕೇಳಲು ದಿಬ್ಬೂರಹಳ್ಳಿಗೆ ಹೋದೆ. ಹೋದ ಸಲದವು ಎಂಥ ಗೂಡು ಕಟ್ಟಿದವೆಂದು ದೊಡ್ಡಮ್ಮ ಕೇಳಿದಳು. ಕೊಯ್ದೆ ಅಂದೆ. ಅವಳ ಕೈಯಲ್ಲಿದ್ದ ಮಚ್ಚು ಹಾಗೇ ನಿಂತಿತು. ನನಗೂ ಗಾಬರಿ. ಬೆಳೆ ಬೆಳೆಗೂ ಇವಳ ಗೂಡು ಶಿಡ್ಲಘಟ್ಟದ ಮಾರುಕಟ್ಟೆಗೆ ಹೋಗುತ್ತದೆ, ಅಲ್ಲಿಂದ ಕುದಿಯುವ ನೀರಿಗೆ ಬೀಳುತ್ತದೆ. ಗೊತ್ತಿಲ್ಲವೇ ಇವಳಿಗೆ? ಅದನ್ನೂ ಬಾಯಿಬಿಟ್ಟು ಕೇಳಿದೆ.

“ಗೂಡು ಕಟ್ಟಿದ್ಮೇಲೆ ಅದರ ಕೆಲಸ ಮುಗೀತು ಕಣೇ, ಆಮೇಲೆ ನೀರೋ ಬೆಂಕಿಯೋ. ಬಾಯಲ್ಲಿ ನೂಲಿಟ್ಕೊಂಡಿರೋದನ್ನ ಕೊಯ್ತಾರಾ? ಪಾಪಮು.”

ಮುದ್ದೆ ಹಾಕಿದಳು, ಸಾರು ಹಾಕಿದಳು, ಹುಳ ಮಾತ್ರ ಕೊಡಲಿಲ್ಲ. ಆಮೇಲೆ ಡಬ್ಬಿ ಬರಲೇ ಇಲ್ಲ. ನಾನು ಬೇರೆ ಕಡೆಯಿಂದ ಹುಳ ತಂದೆ. ದ್ರಾವಣವನ್ನು ಸಣ್ಣ ಗಾಜಿನ ನಳಿಗೆಯಲ್ಲಿ ಹರಿಯಬಿಟ್ಟು, ಯಾವ ಹನಿಯೂ ಕಿರಣದೆದುರು ನಿಲ್ಲದಂತೆ ನೋಡಿಕೊಂಡೆ. ಗೆರೆ ಅಲುಗಾಡದೆ ಬಂತು, ಜನ ಹೊಗಳಿದರು. ನಂದಿಯಲ್ಲಿ ನಡೆದ ಮದುವೆಯೊಂದರಲ್ಲಿ ಸಿಕ್ಕ ದೊಡ್ಡಮ್ಮ ನನ್ನ ಕೆಮ್ಮಿನವರೆಗೆ ಎಲ್ಲ ವಿಚಾರಿಸಿದಳು, ಹುಳದ ಮಾತು ಎತ್ತಲಿಲ್ಲ. ಹೊಗಳಿಕೆಯೆಲ್ಲ ಅಲ್ಲೇ ಸಪ್ಪೆಯಾಯಿತು.

ಇವತ್ತು ಡಬ್ಬಿ ಬಿಚ್ಚಿದರೆ ಹಣ್ಣು ಹುಳಗಳೇ. ಕೈಗೆತ್ತಿಕೊಂಡ ಮೇಲೆ ಅನುಮಾನ ಬಂತು. ಹಣ್ಣು ಹುಳಕ್ಕೆ ದಾರಿಯಾದರೂ ಒಂದೇ, ಮನೆಯಾದರೂ ಒಂದೇ, ಸಿಕ್ಕ ಮೂಲೆಯಲ್ಲಿ ಕಟ್ಟಲು ಕೂರುತ್ತದೆ. ಇಲ್ಲಿ ಡಬ್ಬಿಯ ಯಾವ ಮೂಲೆಯಲ್ಲೂ ಒಂದೆಳೆ ನೂಲಿಲ್ಲ. ದೊಡ್ಡಮ್ಮನಿಗೆ ಫೋನ್ ಮಾಡಿದೆ. ಚಂದ್ರಿಕೆಗೆ, ಅಂದರೆ ಗೂಡು ಕಟ್ಟುವ ಬಿದಿರಿನ ತಟ್ಟೆಗೆ, ಬಿಟ್ಟು ಎರಡು ದಿನವಾಯಿತಂತೆ. ಮನೆ ತುಂಬ ಹುಳ, ಒಂದೂ ಕಟ್ಟಿಲ್ಲವಂತೆ. ಪಕ್ಕದ ದ್ರಾಕ್ಷಿ ತೋಟಕ್ಕೆ ಹೊಡೆದ ಔಷಧಿ ಸೊಪ್ಪಿನ ಮೇಲೆ ಬಿತ್ತೇ, ರೋಗವೇ, ಯಾರೂ ಹೇಳಲಾರರು.  ಇಡೀ ಬೆಳೆ ಹೀಗಾಗುವುದನ್ನು ನಾನು ಕಂಡೇ ಇರಲಿಲ್ಲ.

 ಆಮೇಲೆ ದೊಡ್ಡಮ್ಮ ಅಂದಳು: “ಕೊಯ್ದು ನೋಡಮ್ಮ. ಒಳಗೆ ನೂಲೈತಾ ಇಲ್ವಾ, ಅಷ್ಟು ಹೇಳು.”

 ಎದ್ದು ಹೋಗಿ ಚಪ್ಪಲಿಯನ್ನು ಬಾಗಿಲಾಚೆ ಬಿಟ್ಟೆ, ಕೈ ತೊಳೆದು ಬಂದು ಕೂತೆ. ಮೊದಲ ಹುಳ ತಲೆಯೆತ್ತಿ, ಗೂಡು ಕಟ್ಟುವ ಹುಳದ ಹಾಗೆಯೇ, ಆ ಕಡೆಗೊಮ್ಮೆ ಈ ಕಡೆಗೊಮ್ಮೆ ತೂಗುತ್ತಿತ್ತು. ಬಾಯಲ್ಲಿ ನೂಲಿರಲಿಲ್ಲ.