ಗದ್ದ ಎದಿಗೆ ಹಚ್ರಿ

ಶಿರೂರಿನ ಕುರಿಗಾರ ಬೀರಲಿಂಗಪ್ಪ ಖಡಕ್ ರೊಟ್ಟಿ ಮುರಿದರೆ ಮೂರು ಮನೆಗೆ ಕೇಳುತ್ತಿತ್ತು. ಗಂಟಲಿನ ಕ್ಯಾನ್ಸರಿಗೆ ಕರೆಂಟು, ಅಂದರೆ ರೇಡಿಯೇಶನ್, ಕೊಡಿಸಿಕೊಂಡು ಬಂದ ಮೇಲೆ ಬೇನೆ ಹೋಯಿತು, ಆದರೆ ಗಂಟಲು ನುಂಗುವುದನ್ನೇ ಮರೆತುಬಿಟ್ಟಿತು. ದವಾಖಾನೆಯ ಮೇಡಮ್ಮು ನುಂಗುವ ವ್ಯಾಯಾಮ ಕಲಿಸಿ ದಿನಕ್ಕೆ ಮೂರು ಸಲ ಎಂದರು. ಇವನು ಮೂವತ್ತು ಸಲ ಮಾಡುತ್ತಾನೆ, ಅದೂ ಓಣಿಗೆ ಮುಖ ಮಾಡಿ ಕಟ್ಟೆಯ ಮೇಲೆ. ನಾಲಿಗೆಯ ತುದಿಯನ್ನು ಹಲ್ಲಿನಲ್ಲಿ ಹಿಡಿದು ಉಗುಳು ನುಂಗುವಾಗ ಹೊಸ ಬೀಗರೇ ಎದುರಾದರೂ ನಾಲಿಗೆ ಒಳಗೆ ಹೋಗುವುದಿಲ್ಲ. ದನಿ ಏರಿಸಿ "ಈ..." ಎಂದರೆ ತಮ್ಮನ್ನೇ ಕರೆದನೆಂದು ಕುರಿಗಳು ದೊಡ್ಡಿ ಹಾರಿ ಬಂದು ಸುತ್ತ ನಿಲ್ಲುತ್ತವೆ, ಅವಕ್ಕೂ ನಾಲಿಗೆ ತೋರಿಸಿಯೇ ಕಳಿಸುತ್ತಾನೆ. ಮದುವೆಗೆ ಹೋದರೆ ಪಂಕ್ತಿಯ ನಡುವೆ ಓಡಾಡುತ್ತ, "ಗದ್ದ ಎದಿಗೆ ಹಚ್ರಿ. ಹಾಂ, ಈಗ ಜೋರ್ ಹಾಕಿ ನುಂಗ್ರಿ" ಎನ್ನುತ್ತಾನೆ. ಪಾಪ, ಜನ ಗೋಧಿ ಹುಗ್ಗಿಯನ್ನೂ ತಪ್ಪು ಮಾಡಿದವರಂತೆ ತಲೆ ತಗ್ಗಿಸಿ ಉಣ್ಣುತ್ತಾರೆ. "ನೀವೂ ಕುಂಡ್ರಿ, ಕಾಕಾ" ಎಂದರೆ, "ನಂದು ಮನ್ಯಾಗ ಆಗೇತಿ, ನೀವು ಉಣ್ರಿ" ಎನ್ನುತ್ತಾನೆ. ಆಗಿರುವುದಿಲ್ಲ. ಊರಿಗೆಲ್ಲ ನಾಲಿಗೆ ತೋರಿಸುವ ಬೀರಲಿಂಗಪ್ಪ ತಾನು ಉಣ್ಣುವುದನ್ನು ಮಾತ್ರ ಯಾರಿಗೂ ತೋರಿಸುವುದಿಲ್ಲ. ಮನೆಗೆ ಬಂದು, ಕದ ಮುಚ್ಚಿ, ಕೊರಳಿಗೆ ಟವೆಲ್ಲು ಸುತ್ತಿ, ಗೋಡೆಗೆ ಮುಖ ಮಾಡಿ ಅಂಬಲಿಯ ಬಟ್ಟಲು ಎತ್ತುತ್ತಾನೆ. ಒಂದು ಗುಟುಕಿಗೆ ಎರಡು ಸಲ ಕೆಮ್ಮುತ್ತಾನೆ. ಹೊರಗೆ ಕದಕ್ಕೆ ಬೆನ್ನು ಕೊಟ್ಟು ಕೂತ ಹೆಂಡತಿ ದುಂಡವ್ವ ಆ ಕೆಮ್ಮು ನಿಲ್ಲುವವರೆಗೆ ಕಾಯುತ್ತಾಳೆ. ಆಮೇಲೆ ತನ್ನ ಖಡಕ್ ರೊಟ್ಟಿಯನ್ನು ನೀರಿನಲ್ಲಿ ಚೆನ್ನಾಗಿ ನೆನೆಸಿ ಉಣ್ಣುತ್ತಾಳೆ, ಮುರಿದ ಸಪ್ಪಳ ಒಳಗೆ ಕೇಳಬಾರದೆಂದು.