ಸುಮ್ಮನೆ ಕುಳಿತ ಪೆಟ್ಟಿಗೆಯ ಲೆಕ್ಕ

ಎಣಿಸುವ ಕೆಲಸದಲ್ಲಿ ನಾನು ಮೊದಲಿನಿಂದಲೂ ದಡ್ಡ. ಅದರಲ್ಲಿ ಅರ್ಧ ತಪ್ಪು ನನ್ನದು, ಉಳಿದರ್ಧ ನಮ್ಮ ಕಡೆಯ ಲಗ್ನಪತ್ರಿಕೆಗಳದು. ಸೋಲಾಪುರ, ಅಕ್ಕಲಕೋಟೆಯ ಕಡೆ ಆಮಂತ್ರಣ ಕೊಡುವವರು ತಲೆ ಎಣಿಸುವುದಿಲ್ಲ, ಒಲೆ ಎಣಿಸುತ್ತಾರೆ. ಒಂದೇ ಒಲೆಯ ಅನ್ನ ಉಣ್ಣುವವರು ಎಷ್ಟೇ ಮಂದಿ ಇರಲಿ, ಪತ್ರಿಕೆ ಒಂದೇ, ಅದರ ಮೇಲೆ ಹೆಸರು ಹಿರಿಯರದೊಂದೇ. "ಚೂಲ್ ಬಂದ್ ಐತ್ರಿ, ಎಲ್ಲಾರೂ ಬರ್ರಿ" ಎಂದು ಬಾಯಲ್ಲಿ ಹೇಳಿದರೆ ಮುಗಿಯಿತು. ಚೂಲ್ ಬಂದ್ ಎಂದರೆ ಲಗ್ನದ ದಿನ ನಿಮ್ಮ ಮನೆಯ ಒಲೆ ಹೊತ್ತಬಾರದು, ಊಟ ಅವರಲ್ಲೇ.

ನಮ್ಮ ಮನೆಯ ಆ ಒಂದು ಹೆಸರು ಅಪ್ಪನದು. ಅಪ್ಪನ ತಮ್ಮ, ಮದುವೆಯಾಗದೆ ನಮ್ಮೊಂದಿಗೇ ಉಳಿದ ಕಾಕಾ, ಯಾವ ಪತ್ರಿಕೆಯಲ್ಲೂ ಕಾಣಿಸಿಕೊಂಡವನಲ್ಲ. ಸೋಲಾಪುರದ ನಮ್ಮ ಚಾದರದ ಅಂಗಡಿಯಲ್ಲಿ ಅಪ್ಪ ಮುಂದೆ ಗಾದಿಯ ಮೇಲೆ, ಕಾಕಾ ಹಿಂದೆ ಚಾದರದ ಗಂಟಿನ ಮೇಲೆ. ಅಪ್ಪನಿಗೆ ಜ್ವರ ಬಂದ ದಿನ ಕಾಕಾ ಗಾದಿಗೆ ಬರುತ್ತಿದ್ದ. ಗಿರಾಕಿಗಳಿಗೆ ವ್ಯತ್ಯಾಸವೇ ತಿಳಿಯುತ್ತಿರಲಿಲ್ಲ. ಅಪ್ಪ ಚೇತರಿಸಿಕೊಂಡರೆ ಮತ್ತೆ ಗಂಟಿನ ಮೇಲೆ.

ಅಂಗಡಿಯ ಕಂಪ್ಯೂಟರು ನೋಡಿಕೊಳ್ಳುವವನು ನಾನು. ಇಂಟರ್ನೆಟ್ಟಿನಿಂದ ಕಳ್ಳರು ನುಗ್ಗದಂತೆ ಕಾಯುವ ಪೆಟ್ಟಿಗೆ, ಫೈರ್‌ವಾಲ್, ಸೋಲಾಪುರದಲ್ಲೊಂದು, ಅಕ್ಕಲಕೋಟೆಯ ಅಂಗಡಿಯಲ್ಲೊಂದು ಇತ್ತು. ಸೋಲಾಪುರದ್ದು ಕೈಕೊಟ್ಟರೆ ಎರಡೂ ಕಡೆ ಬಿಲ್ಲು ನಿಲ್ಲುತ್ತದೆಂದು ಅದಕ್ಕೊಂದು ಜೋಡಿ ಕೂಡಿಸಿದೆ. ಒಂದು ದುಡಿಯುತ್ತದೆ, ಇನ್ನೊಂದು ಕಾದಿರುತ್ತದೆ. ಇವನ್ನೆಲ್ಲ ಒಂದೇ ಕಡೆಯಿಂದ ಆಳುವ ಸಾಫ್ಟ್‌ವೇರಿಗೆ ಲೈಸೆನ್ಸ್ ಬೇಕು. ಎಷ್ಟಕ್ಕೆ ಎಂದು ಕಂಪನಿಯವರು ಕೇಳಿದಾಗ, ಒಲೆ ಎಣಿಸಿ ಬೆಳೆದ ನಾನು ಠೀವಿಯಿಂದ "ಎರಡು" ಎಂದೆ. ಜೋಡಿ ಎಂದರೆ ಒಂದೇ ಮನೆ ತಾನೆ? ಸಾಫ್ಟ್‌ವೇರು ಮೂರನೆಯ ಪೆಟ್ಟಿಗೆಯನ್ನು ಒಳಗೇ ಬಿಟ್ಟುಕೊಳ್ಳಲಿಲ್ಲ. ಜೋಡಿಯಲ್ಲಿರಲಿ, ಒಂಟಿಯಾಗಿರಲಿ, ದುಡಿಯಲಿ, ಬಿಡಲಿ, ಪ್ರತಿ ಪೆಟ್ಟಿಗೆಯೂ ಅವರ ಲೆಕ್ಕದಲ್ಲಿ ಒಂದು.

ಅಪ್ಪ ಉರಿದುಬಿದ್ದರು. "ಎರಡನೇದು ಮಾಡೂದರೇ ಏನ್ಲೇ? ಸುಮ್ನ ಕುಂತಿರ್ತೈತಿ!"

ಗಂಟಿನ ಮೇಲಿಂದ ಕಾಕಾ ನಕ್ಕ. "ನನ್ನಂಥಾದ್ದ ಅನ್ನು ಹಂಗಾರ. ಅದನ್ನೂ ಎಣಸ್ತಾರಂದ್ರ ಆ ಮಂದಿ ಭಾಳ ಛಲೋ ಅದಾರ ಬಿಡು."

ಎಲ್ಲರೂ ನಕ್ಕೆವು. ಅಪ್ಪನೂ ನಕ್ಕು, ಗೊಣಗುತ್ತಲೇ ಮೂರಕ್ಕೆ ಒಪ್ಪಿದರು.

ಹೋದ ಶ್ರಾವಣದಲ್ಲಿ ಕಾಕಾ ತೀರಿಕೊಂಡ. ಮಧ್ಯಾಹ್ನ ಉಂಡು ಗಂಟಿಗೆ ಒರಗಿದವನು ಏಳಲೇ ಇಲ್ಲ. ಅಯ್ಯೋ, ಹೋಗುವಾಗಲೂ ಯಾರಿಗೂ ತೊಂದರೆ ಕೊಡಲಿಲ್ಲ ಎಂದು ಮಂದಿ ಹೊಗಳಿದರು. ನನಗೆ ಆ ಹೊಗಳಿಕೆಯನ್ನೇ ಸಹಿಸಲಾಗಲಿಲ್ಲ.

ದೀಪಾವಳಿಯಾದ ಮೇಲೆ ಮೈಂದರ್ಗಿಯ ಬೀಗರು ಮಗಳ ಲಗ್ನಪತ್ರಿಕೆ ತಂದರು. ಎಂದಿನಂತೆ ಅಪ್ಪನ ಹೆಸರೊಂದೇ. ಅದೇ ಅರಿಶಿನದ ಬೊಟ್ಟು, ಅದೇ "ಚೂಲ್ ಬಂದ್". ಮನೆಯಲ್ಲಿ ಒಬ್ಬ ಮನುಷ್ಯ ಕಡಿಮೆಯಾಗಿದ್ದ, ಪತ್ರಿಕೆಯಲ್ಲಿ ಒಂದಕ್ಷರವೂ ಕಡಿಮೆಯಾಗಿರಲಿಲ್ಲ. ಬೀಗರು ಹೋದ ಮೇಲೂ ಅಪ್ಪ ಅದನ್ನು ತಿರುಗಿಸಿ ಮುರುಗಿಸಿ ನೋಡುತ್ತಿದ್ದರು.

ಅದೇ ವಾರ ಲೈಸೆನ್ಸಿನ ಅವಧಿ ಮುಗಿಯುವುದಿತ್ತು. ಅಪ್ಪನ ಹಳೆಯ ಸಿಟ್ಟು ನೆನಪಿಟ್ಟುಕೊಂಡಿದ್ದ ನಾನು, ಜೋಡಿ ಬಿಡಿಸಿ ಒಂದನ್ನು ತೆಗೆದರೆ ಎರಡಕ್ಕೇ ಮುಗಿಯುತ್ತದೆ ಎಂದೆ. ಶಹಬ್ಬಾಸ್ ಎನ್ನುತ್ತಾರೆಂದುಕೊಂಡಿದ್ದೆ.

"ಬ್ಯಾಡ. ಮೂರೂ ಇರ್ಲಿ," ಎಂದರು ಅಪ್ಪ. ಪತ್ರಿಕೆಯ ಅಂಚು ಸವರಿ, "ಸುಮ್ನ ಕುಂತಾವ್ರನ್ನ ಎಣಸಾಕ ನಮಗಂತೂ ಬರ್ಲಿಲ್ಲ. ಆ ಕಂಪ್ನಿಯವ್ರಿಗರೇ ಬರ್ತೈತಲ್ಲ," ಎಂದರು.

ಈಗ ಸಂಜೆ ಅಂಗಡಿ ಮುಚ್ಚುವ ಮುನ್ನ ಅಪ್ಪ ನನ್ನ ಪರದೆಯತ್ತ ಬಗ್ಗುತ್ತಾರೆ. ಅದರಲ್ಲಿ ಏನಿದೆಯೆಂದು ಅವರಿಗೆ ತಿಳಿಯದು.

"ಎರಡನೇದು ಐತೇನು?"

"ಐತ್ರಿ ಅಪ್ಪಾ."

ಆಮೇಲೆ, ಹಿಂದಿನ ಗಂಟಿನ ಕಡೆ ನೋಡದೆ, ಚಪ್ಪಲಿ ಮೆಟ್ಟುತ್ತಾರೆ.